ಹೊಂದಿದ ರಕ್ತ

ಬಾನ್ ದೋನ್‌ಖಾ, ರೋಯೆಟ್
ಮೇ 20

ಪ್ರೀತಿಯ ತಮ್ಮ ಯುತ್‌ಗೆ,

ಕಾಗದ ಬಂತೆಂದು ನಗಬೇಡ. ಫೋನಿನಲ್ಲಿ ನೀನು ಆಡುವುದು ಎರಡೇ ಮಾತು. "ಚೆನ್ನಾಗಿದೀನಕ್ಕ." "ಆಮೇಲೆ ಮಾಡ್ತೀನಕ್ಕ." ಆ ಎರಡರ ಸಂದಿಯಲ್ಲಿ ನಾನು ಏನನ್ನು ತೂರಿಸಲಿ? ನಾನು ಹದಿನೇಳಕ್ಕೆ ಬ್ಯಾಂಕಾಕಿನ ಹೊಲಿಗೆ ಕಾರ್ಖಾನೆಗೆ ಹೋದಾಗ ನಿನಗೆ ಆರು ವರ್ಷ. ಆಗ ನಾನು ಕಾಗದ ಬರೆಯುತ್ತಿದ್ದೆ, ನೀನು ಎಮ್ಮೆಯ ಚಿತ್ರ ಬಿಡಿಸಿ ಕಳಿಸುತ್ತಿದ್ದೆ. ಈಗ ನೀನು ಅಲ್ಲಿ, ನಾನು ಇಲ್ಲಿ, ಅಷ್ಟೇ ವ್ಯತ್ಯಾಸ.

ಬರೆಯಲು ಹೊತ್ತಿಗೇನೂ ಬರವಿಲ್ಲ. ದಿನಕ್ಕೆ ನಾಲ್ಕು ಸಲ ಹೊಟ್ಟೆಯ ಕೊಳವೆಗೆ ಚೀಲ ಸಿಕ್ಕಿಸಿ, ಹಳೆಯ ನೀರು ಹೊರಗೆ ಬಿಟ್ಟು, ಹೊಸ ಔಷಧದ ನೀರು ಒಳಗಿಳಿಸಬೇಕು. ನನ್ನ ಕಿಡ್ನಿ ಮಾಡಲಾರದ ಕೆಲಸವನ್ನು ಆ ನೀರು ಮಾಡುತ್ತದೆ. ಒಂದು ಸಲಕ್ಕೆ ಅರ್ಧ ಗಂಟೆ. ಬಾಗಿಲು ಹಾಕಿಕೊಂಡು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಅಲ್ಲಾಡದೆ ಕೂರಬೇಕು. ಅಮ್ಮ ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡು ಬಂದು ಚೀಲ ಮೇಲಕ್ಕೆ ನೇತುಹಾಕುತ್ತಾಳೆ. ದಾದಿಯರಿಗಿಂತ ಚೆನ್ನಾಗಿ ಕಲಿತಿದ್ದಾಳೆ. ನಿನ್ನ ಭಾವ ಪ್ರದಿತ್ ಈ ಕೋಣೆಗೆ ನೀಲಿ ಬಣ್ಣ ಹೊಡೆದಿದ್ದಾರೆ. "ಆಸ್ಪತ್ರೆ ಥರ ಕಾಣ್ಬಾರ್ದು" ಅಂತ. ಈಗ ಈಜುಕೊಳದ ಥರ ಕಾಣುತ್ತದೆ.

ಏಪ್ರಿಲಿನಲ್ಲಿ ನಮ್ಮ ಹೊಸ ವರ್ಷದ ದಿನ ನೀನು ಅಮ್ಮನ ಕೈಗೆ ನೀರೆರೆದು, ಎಲ್ಲರ ಮುಂದೆ ಎದ್ದು ನಿಂತು "ಅಕ್ಕಂಗೆ ನನ್ನ ಕಿಡ್ನಿ ಒಂದನ್ನ ಕೊಡ್ತೀನಿ" ಎಂದೆಯಲ್ಲ, ಆವತ್ತಿನಿಂದ ಅಮ್ಮನ ನಡಿಗೆಯೇ ಬದಲಾಗಿದೆ. ಬೆಳಿಗ್ಗೆ ಭಿಕ್ಷುಗಳಿಗೆ ಅನ್ನ ಹಾಕಲು ಹೋದವಳು ಎಂಟಾದರೂ ವಾಪಸು ಬರುವುದಿಲ್ಲ. ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಬೇಕಲ್ಲ. ನಿನ್ನ ಭಾವನ ರಕ್ತದೊತ್ತಡ ನೋಡಿ ವೈದ್ಯರು ಬೇಡವೆಂದರು, ಅಮ್ಮನಿಗೆ ವಯಸ್ಸಾಯಿತು. ಇನ್ನು ಉಳಿದವನು ನೀನೊಬ್ಬನೇ ಎನ್ನುವುದನ್ನು ನಾನು ಬರೆಯಬೇಕಾಗಿಲ್ಲ. ಆದರೂ ಬರೆದೆ.

ನನ್ನ ರಕ್ತವನ್ನು ಖೋನ್‌ಕೇನ್ ಆಸ್ಪತ್ರೆಯವರು ಬ್ಯಾಂಕಾಕಿಗೆ ಕಳಿಸಿಯಾಗಿದೆ. ನೀನು ಹೋಗಿ ನಿನ್ನದು ಕೊಟ್ಟರೆ ಎರಡನ್ನೂ ಇಟ್ಟು ನೋಡುತ್ತಾರಂತೆ. ಯಾವತ್ತು ಹೋಗುತ್ತೀ? ಹೋಗುವ ಮೊದಲು ಆ ಹೊಟ್ಟೆ ಸ್ವಲ್ಪ ಇಳಿಸಿಕೊ. ನನಗೆ ಕಿಡ್ನಿ ಸಾಕು, ಜೊತೆಗೆ ಕೊಬ್ಬು ಬೇಡ.

ನಿನ್ನ ಅಕ್ಕ
ಬುವಾಫನ್

*

ಬ್ಯಾಂಕಾಕ್
ಜೂನ್ 11

ಅಕ್ಕನಿಗೆ,

ನಿನ್ನ ಕಾಗದವನ್ನು ವ್ಯಾನಿನಲ್ಲಿ ಓದಿದೆ. ಕೆಲಸಕ್ಕೆ ಹೋಗಲು ಒಂದೂ ಮುಕ್ಕಾಲು ಗಂಟೆ, ಬರಲು ಎರಡು. ಹದಿಮೂರು ಜನ ಮೊಣಕಾಲಿಗೆ ಮೊಣಕಾಲು ಒತ್ತಿಕೊಂಡು ಕೂತಿರುತ್ತೇವೆ. ಬೆಳಗಿನ ಊಟ ಅಲ್ಲೇ, ತೊಡೆಯ ಮೇಲೆ. ಆಮೇಲೆ ಕಿವಿಗೆ ಫೋನು ಸಿಕ್ಕಿಸಿಕೊಂಡು ಒಂಬತ್ತು ಗಂಟೆ ವಿಮೆ ಮಾಡಿಸಿದವರ ದೂರು ಕೇಳುವುದು. ದೂರು ಕೇಳುವವನು ಎದ್ದು ಹೋಗುವ ಹಾಗಿಲ್ಲ.

ಆಸ್ಪತ್ರೆಗೆ ಹೋಗಿದ್ದೆ. ರಕ್ತ, ಮೂತ್ರ ಎಲ್ಲ ತೆಗೆದುಕೊಂಡರು. ಇನ್ನೂ ಎರಡು ಪರೀಕ್ಷೆ ಇದೆಯಂತೆ, ಅದಕ್ಕೆ ಪೂರ್ತಿ ದಿನ ಬೇಕು. ಈ ತಿಂಗಳು ರಜೆ ಕೇಳಿದರೆ ಮೇಲಿನವರು ಮುಖ ಸಿಂಡರಿಸುತ್ತಾರೆ. ಮುಂದಿನ ತಿಂಗಳು ಖಂಡಿತ.

ಅಮ್ಮ ಎಲ್ಲರಿಗೂ ಹೇಳಿಕೊಂಡು ತಿರುಗುವುದು ಬೇಡ ಎಂದು ಸ್ವಲ್ಪ ಹೇಳು. ಇನ್ನೂ ಏನೂ ಆಗಿಲ್ಲವಲ್ಲ.

ನಿನ್ನ ತಮ್ಮ
ವೀರಯುತ್

*

ಬಾನ್ ದೋನ್‌ಖಾ
ಜುಲೈ 2

ಯುತ್,

ನಿನ್ನೆ ತಪಾಸಣೆಗೆ ಹೋಗಿದ್ದಾಗ ದಾದಿ ಬ್ಯಾಂಕಾಕಿಗೆ ಫೋನು ಮಾಡಿ ವಿಚಾರಿಸಿದಳು. "ನಿಮ್ಮ ತಮ್ಮನ ಫಲಿತಾಂಶ ಎಲ್ಲಾ ಬಂದು ಮೂರು ವಾರ ಆಯ್ತಂತೆ, ಅವ್ರಿಗೇ ಹೇಳಿದಾರಂತೆ" ಎಂದಳು. ಏನು ಹೇಳಿದರು ಎಂದು ಕೇಳಿದರೆ, "ಅದನ್ನ ನಿಮ್ಮ ತಮ್ಮನ ಬಾಯಿಂದಲೇ ಕೇಳ್ಬೇಕು, ನಾವು ಹೇಳೋ ಹಾಗಿಲ್ಲ" ಎಂದಳು.

ನಾನು ಆತುರಪಡಿಸುತ್ತಿಲ್ಲ. ಹೆದರಿಕೆಯಾಗಿದ್ದರೆ ಹೆದರಿಕೆಯಾಗಿದೆ ಎಂದೇ ಬರೆ. ಹೊಟ್ಟೆ ಕುಯ್ಯುತ್ತಾರೆ ಎಂದರೆ ಯಾರಿಗೆ ಹೆದರಿಕೆಯಾಗುವುದಿಲ್ಲ?

ಅಕ್ಕ

*

ಬ್ಯಾಂಕಾಕ್
ಜುಲೈ 24

ಅಕ್ಕನಿಗೆ,

ಹೇಗೆ ಬರೆಯುವುದೆಂದು ತಿಳಿಯದೆ ದಿನ ದೂಡಿದೆ. ನಮ್ಮಿಬ್ಬರ ರಕ್ತ ಹೊಂದುವುದಿಲ್ಲ. ಸ್ವಲ್ಪವೂ ಹೊಂದುವುದಿಲ್ಲವಂತೆ. ಒಡಹುಟ್ಟಿದವರಲ್ಲಿ ಸಾಮಾನ್ಯವಾಗಿ ಇರುವಷ್ಟೂ ಇಲ್ಲ ಎಂದು ವೈದ್ಯರೇ ಆಶ್ಚರ್ಯಪಟ್ಟರು. ನನ್ನ ಕಿಡ್ನಿ ಹಾಕಿದರೆ ನಿನ್ನ ಮೈ ಅದನ್ನು ಒಂದು ವಾರವೂ ಇಟ್ಟುಕೊಳ್ಳುವುದಿಲ್ಲವಂತೆ.

ನಾನು ಕೊಡಲು ಸಿದ್ಧನಿದ್ದೆ ಎಂಬುದು ನಿನಗೆ ಗೊತ್ತು. ಅಮ್ಮನಿಗೂ ಹಾಗೆಯೇ ಹೇಳು. ಇದರಲ್ಲಿ ಯಾರ ತಪ್ಪೂ ಇಲ್ಲ.

ಕ್ಷಮಿಸು.

ಯುತ್

*

ಬಾನ್ ದೋನ್‌ಖಾ
ಆಗಸ್ಟ್ 9

ತಮ್ಮ,

ಕ್ಷಮೆ ಯಾಕೆ ಕೇಳುತ್ತೀ? ರಕ್ತ ನಿನ್ನ ಮಾತು ಕೇಳುತ್ತದೆಯೇ? ನಾನು ಅತ್ತದ್ದು ನಿಜ, ಒಂದು ಚೀಲ ನೀರು ಒಳಗಿಳಿಯುವಷ್ಟು ಹೊತ್ತು. ಆಮೇಲೆ ಎದ್ದು ಮುಖ ತೊಳೆದೆ. ಸತ್ತವರ ಕಿಡ್ನಿಗಾಗಿ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿದ್ದೇನೆ. ಉದ್ದ ಸಾಲು. ನಿಂತರಾಯಿತು.

ನಿನ್ನ ಕಾಗದ ಬಂದಾಗ ಪಕ್ಕದ ಮನೆಯ ಸಾಯ್‌ಜಾಯ್ ಅತ್ತೆ, ಇನ್ನೂ ಇಬ್ಬರು ಜಗಲಿಯಲ್ಲಿ ಕೂತಿದ್ದರು. ಅಮ್ಮ "ಓದು, ಎಲ್ರೂ ಕೇಳ್ಲಿ" ಎಂದು ನಿನ್ನ ಭಾವನ ಕೈಗೆ ಕೊಟ್ಟಳು. ಒಳ್ಳೆಯ ಸುದ್ದಿಯೇ ಇರುತ್ತದೆಂದು ಅವಳಿಗೆ ಖಾತ್ರಿಯಿತ್ತು. ಅವರು ಮೊದಲಿನಿಂದ ಕೊನೆಯವರೆಗೂ ಓದಿಬಿಟ್ಟರು.

ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಸರಿಯಾಗಿ ಊಟ ಮಾಡು.

ಅಕ್ಕ

*

ಬಾನ್ ದೋನ್‌ಖಾ
ಸೆಪ್ಟೆಂಬರ್ 15

ಯುತ್,

ಒಂದು ತಿಂಗಳಿಂದ ನಿನ್ನ ಕಾಗದವಿಲ್ಲ, ಫೋನು ಎತ್ತುವುದಿಲ್ಲ. ಇದನ್ನು ಬರೆಯುವುದೋ ಬೇಡವೋ ಎಂದು ಮೂರು ಸಲ ಹಾಳೆ ಹರಿದೆ.

ನಾನು ಹತ್ತು ದಿನ ಆಸ್ಪತ್ರೆಯಲ್ಲಿದ್ದೆ. ಹೊಟ್ಟೆಯೊಳಗೆ ಸೋಂಕಾಗಿ ಜ್ವರ ಬಂತು. ಒಳಗಿಂದ ಬಂದ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿತ್ತು. ಒಬ್ಬಳೇ ಚೀಲ ಬದಲಾಯಿಸುವಾಗ ಎಲ್ಲೋ ಕೈ ತಾಗಿಸಿದ್ದೇನೆ. ಅಮ್ಮ ಈಗ ನೀಲಿ ಕೋಣೆಗೆ ಬರುವುದಿಲ್ಲ. ಬೆಳಿಗ್ಗೆ ಭಿಕ್ಷುಗಳಿಗೆ ಅನ್ನ ಹಾಕಲೂ ಹೋಗುವುದಿಲ್ಲ. ಅವರು ಮನೆಮುಂದೆ ಬರುವ ಹೊತ್ತಿಗೆ ಹಿತ್ತಲಲ್ಲಿ ಏನೋ ಕೆಲಸ ಹುಡುಕಿಕೊಳ್ಳುತ್ತಾಳೆ.

ಕಾರಣ ಕೇಳು. ನೀನು ಹುಟ್ಟಿದ ಕಾಲಕ್ಕೆ ಅಪ್ಪ ಮರಳುಗಾಡಿನ ದೇಶದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ನಾಲ್ಕು ವರ್ಷದಲ್ಲಿ ಒಂದೇ ಸಲ ಊರಿಗೆ ಬಂದದ್ದು, ಒಂದು ತಿಂಗಳ ಮಟ್ಟಿಗೆ. ಅದು ಇಡೀ ಊರಿಗೆ ಗೊತ್ತು. ಈಗ ಈ ಊರಿನ ಹೆಂಗಸರು ಬೆರಳು ಮಡಿಸಿ ತಿಂಗಳು ಎಣಿಸುತ್ತಿದ್ದಾರೆ. ದೇವಾಲಯದ ಅಡುಗೆಮನೆಯಲ್ಲಿ ಸಾಯ್‌ಜಾಯ್ ಅತ್ತೆ ಸೊಪ್ಪು ಬಿಡಿಸುತ್ತ, "ಅಕ್ಕ ತಮ್ಮನಲ್ಲಿ ಇರೋವಷ್ಟೂ ಇಲ್ವಂತೆ ರಕ್ತ. ವೈದ್ಯರೇ ಬೆರಗಾದ್ರಂತೆ. ನಾನೇನೂ ಹೇಳ್ತಿಲ್ಲಪ್ಪ, ಕಾಗದದಲ್ಲಿದ್ದದ್ದು ಹೇಳ್ದೆ" ಅಂದಳಂತೆ. ಅಮ್ಮ ಬಾಗಿಲ ಹೊರಗೆ ಅನ್ನದ ಬುಟ್ಟಿ ಹಿಡಿದು ನಿಂತಿದ್ದಳು. ಬುಟ್ಟಿಯನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಬಂದುಬಿಟ್ಟಳು. ಮಾರನೆಯ ದಿನ ಯಾರೋ ತಂದುಕೊಟ್ಟರು.

ಅರವತ್ತೆರಡು ವರ್ಷದ ಹೆಂಗಸು. ಸತ್ತ ಗಂಡನ ಅಸ್ಥಿಯ ಮುಂದೆ ಹೋಗಿ ನಿಂತು ಏನು ಹೇಳಬೇಕು ಅವಳು?

ನಾನು ದಾದಿಯನ್ನು ಕೇಳಿದೆ. "ರಕ್ತ ಹೊಂದ್ಲಿಲ್ಲ ಅಂತ ನಿಮಗ್ಯಾರು ಹೇಳಿದ್ರು?" ಎಂದು ಅವಳು ನನ್ನನ್ನೇ ಕೇಳಿದಳು. ಆಮೇಲೆ ಬಾಯಿ ಮುಚ್ಚಿಕೊಂಡಳು.

ಯುತ್, ಏನಾಗಿದೆ?

ಬುವಾಫನ್

*

ಬ್ಯಾಂಕಾಕ್
ಸೆಪ್ಟೆಂಬರ್ 28

ಅಕ್ಕ,

ಇದನ್ನು ಯಾರ ಮುಂದೆಯೂ ಓದಿಸಬೇಡ. ಮೊದಲು ನೀನೊಬ್ಬಳೇ ಓದು.

ರಕ್ತ ಹೊಂದಿತ್ತು. ಹೊಂದಲಿಲ್ಲ ಎಂದದ್ದು ಸುಳ್ಳು. ನನಗೆ ಸಕ್ಕರೆ ಕಾಯಿಲೆ ಇದೆ.

ಈ ಎರಡು ಸಾಲು ಬರೆಯಲು ಜೂನ್‌ನಿಂದ ಆಗಲಿಲ್ಲ. ಈಗ ನೋಡಿದರೆ ಎರಡೇ ಸಾಲು.

ಊರು ಬಿಟ್ಟಾಗ ನಾನು ಐವತ್ತೆಂಟು ಕಿಲೋ ಇದ್ದೆ. ಈಗ ತೊಂಬತ್ತನಾಲ್ಕು. ಒಂದು ದಿನದಲ್ಲಿ ಆದದ್ದಲ್ಲ. ನನ್ನ ಕೋಣೆಯಲ್ಲಿ ಒಲೆಯಿಲ್ಲ. ಈ ಕಟ್ಟಡದ ನೂರಿಪ್ಪತ್ತು ಕೋಣೆಗಳಲ್ಲೂ ಒಲೆಯಿಲ್ಲ. ಊಟವೆಂದರೆ ಬೀದಿಯಿಂದ ರಬ್ಬರ್ ಬ್ಯಾಂಡ್ ಹಾಕಿ ತರುವ ಪ್ಲಾಸ್ಟಿಕ್ ಚೀಲಗಳು. ಬೆಳಿಗ್ಗೆ ಸುಟ್ಟ ಹಂದಿಮಾಂಸದ ಕಡ್ಡಿ, ಅಂಟು ಅನ್ನ, ಗಟ್ಟಿ ಹಾಲು ಸುರಿದ ಐಸ್ ಟೀ. ಹತ್ತಕ್ಕೆ ಇನ್ನೊಂದು ಟೀ, ಮೂರಕ್ಕೆ ಮತ್ತೊಂದು. ದೂರಿನ ಫೋನಿನಲ್ಲಿ ಯಾರಾದರೂ ತಾಯಿ ಎತ್ತಿ ಬೈದರೆ ನಾವು ಉತ್ತರ ಕೊಡುವ ಹಾಗಿಲ್ಲ. ಕರೆ ಮುಗಿದ ಮೇಲೆ ಪಕ್ಕದವಳು "ತಗೋ, ಸಿಹಿ ಕುಡಿ" ಎಂದು ತನ್ನ ಲೋಟ ತಳ್ಳುತ್ತಾಳೆ. ಇಲ್ಲಿ ಸಮಾಧಾನ ಹೇಳುವುದು ಹೀಗೆಯೇ. ಗಲ್ಲಿಯ ತುದಿಯಿಂದ ಬಾಗಿಲವರೆಗೆ ಬಾಡಿಗೆ ಮೋಟರ್‌ಸೈಕಲ್, ಬಾಗಿಲಿಂದ ಕೋಣೆಗೆ ಲಿಫ್ಟು. ಒಮ್ಮೆ ಲಿಫ್ಟು ಕೆಟ್ಟು ನಾಲ್ಕು ಮಹಡಿ ಹತ್ತಿದೆ. ಮೂರನೆಯದರಲ್ಲಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮೇಲಿನ ಮಹಡಿಯ ಅಜ್ಜಿ ನನ್ನನ್ನು ದಾಟಿಕೊಂಡು ಹೋದಳು.

ಪಟ್ಟಣದ ಮೇಲೆ ಗೂಬೆ ಕೂರಿಸುತ್ತಿಲ್ಲ. ನನ್ನ ಪಕ್ಕದ ಕೋಣೆಯವನು ಅದೇ ಬೀದಿಯ ಊಟ ತಿಂದು, ಉದ್ಯಾನದಲ್ಲಿ ಓಡಿ, ಬೆತ್ತದ ಹಾಗಿದ್ದಾನೆ.

ಕುತ್ತಿಗೆಯ ಹಿಂದೆ ಕಪ್ಪಾಯಿತು. ಕೊಳೆಯೆಂದುಕೊಂಡು ನಾರು ಹಾಕಿ ಉಜ್ಜಿದೆ. ನಿಂಬೆಹಣ್ಣು ಹಾಕಿ ಉಜ್ಜಿದೆ. ಚರ್ಮ ಕಿತ್ತು ಬಂತು, ಕಪ್ಪು ಹೋಗಲಿಲ್ಲ. ಅದೂ ಸಕ್ಕರೆಯ ಗುರುತೆಂದು ಆಗ ಗೊತ್ತಿರಲಿಲ್ಲ. ಆಮೇಲೆ ಕಾಲರ್ ಇರುವ ಅಂಗಿಗಳನ್ನೇ ಹಾಕತೊಡಗಿದೆ. ಹೊಸ ವರ್ಷದ ನೀರಾಟದಲ್ಲೂ ನಾನು ಅಂಗಿ ಬಿಚ್ಚಲಿಲ್ಲ, ನೀನು ಅದನ್ನು ನೋಡಿ "ಪಟ್ಟಣದ ಸಾಹೇಬರು" ಎಂದು ನಕ್ಕೆ.

ಇನ್ನೊಂದಿದೆ, ಅಕ್ಕ. ಇದೇ ದೊಡ್ಡದು.

ನನಗೆ ಇದು ಜೂನ್‌ನಲ್ಲಿ ಗೊತ್ತಾದದ್ದಲ್ಲ. ಎರಡು ವರ್ಷದ ಹಿಂದೆ ಕಂಪನಿಯವರು ಎಲ್ಲರನ್ನೂ ಪರೀಕ್ಷೆ ಮಾಡಿಸಿದಾಗ ನನ್ನ ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಎಳೆದು "ವೈದ್ಯರನ್ನು ಕಾಣಿ" ಎಂದು ಬರೆದಿದ್ದರು. ಮಡಿಸಿ ಬೀರುವಿನಲ್ಲಿ ಅಂಗಿಗಳ ಕೆಳಗಿಟ್ಟೆ. ಮಾರನೆಯ ವರ್ಷ ಪರೀಕ್ಷೆಯ ದಿನ ಹಲ್ಲುನೋವೆಂದು ರಜೆ ಹಾಕಿದೆ. ನನಗೆ ಇಪ್ಪತ್ತೊಂಬತ್ತು. ಇದು ಮುದುಕರ ಕಾಯಿಲೆ, ನನ್ನದಲ್ಲ ಎಂದುಕೊಂಡೆ. ಹೊಸ ವರ್ಷದ ದಿನ ಎಲ್ಲರ ಮುಂದೆ ಎದ್ದು ನಿಂತು ಕೊಡುತ್ತೇನೆ ಎಂದಾಗ ಆ ಚೀಟಿ ಬೀರುವಿನಲ್ಲೇ ಇತ್ತು. ಅಮ್ಮ ನನ್ನ ತಲೆ ಮುಟ್ಟಿದಳು, ಹಿರಿಯರು ಹರಸಿ ನನ್ನ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿದರು. ಆ ಸುಖಕ್ಕೆ ನಾನು ಹಾಗೆಂದೆ. ಕೊಡುವ ಮಾತು ಆಡುವಾಗ ಕೊಡಲು ನನ್ನ ಹತ್ತಿರ ಏನಿದೆ ಎಂದು ನೋಡಲಿಲ್ಲ.

ಆಸ್ಪತ್ರೆಯ ವೈದ್ಯೆ ನನ್ನದೇ ವಯಸ್ಸಿನವಳು. "ಬೆಳಿಗ್ಗೆ ಏನಾದ್ರೂ ತಿಂದಿದ್ರಾ?" ಎಂದಳು.

"ಇಲ್ಲ."

"ಹಾಗಾದ್ರೆ ಇದು ಬರೀ ಹೊಟ್ಟೆಯ ಸಕ್ಕರೆ. ಇನ್ನೂರ ಹನ್ನೆರಡು. ಮುಂಚೆ ಯಾರಾದ್ರೂ ನಿಮಗೆ ಹೇಳಿದ್ರಾ?"

"ಇಲ್ಲ" ಎಂದೆ. ಅಲ್ಲೂ ಸುಳ್ಳು.

ಅವಳು ಇನ್ನೊಂದು ಹಾಳೆ ತಿರುಗಿಸಿದಳು. "ನಿಮ್ಮಿಬ್ಬರ ರಕ್ತ ಮಾತ್ರ ಎಷ್ಟು ಚೆನ್ನಾಗಿ ಹೊಂದಿದೆ ನೋಡಿ. ಒಂದೇ ಅಪ್ಪ ಅಮ್ಮನ ಮಕ್ಕಳಲ್ಲೂ ನಾಲ್ವರಲ್ಲಿ ಒಬ್ಬರಿಗೆ ಹೀಗಾಗೋದು."

"ಹಾಗಾದ್ರೆ ತಗೊಳ್ಳಿ, ಮೇಡಂ."

"ತಗೊಳ್ಳೋಕಾಗಲ್ಲ. ನಿಮ್ಮ ಕಿಡ್ನಿನೇ ಸೋರ್ತಿದೆ, ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆ. ಒಂದನ್ನ ತೆಗೆದ್ರೆ ಉಳಿದದ್ದು ಎಷ್ಟು ವರ್ಷ ಬರತ್ತೆ? ಈಗಲಾದ್ರೂ ಎಚ್ಚೆತ್ಕೊಳ್ಳಿ. ಎರಡು ವರ್ಷ ಮುಂಚೆ ಬಂದಿದ್ರೆ ಬೇರೆ ಮಾತು ಆಡಬಹುದಿತ್ತೇನೋ."

ಎರಡು ವರ್ಷ ಎಂದು ಅವಳು ಸುಮ್ಮನೆ ಹೇಳಿದ್ದು. ಅವಳಿಗೇನೂ ಗೊತ್ತಿರಲಿಲ್ಲ. ನಾನು ಎದ್ದು ಕೈಮುಗಿದು ಹೊರಗೆ ಬಂದು, ಆಸ್ಪತ್ರೆಯ ಬಾಗಿಲಲ್ಲೇ ಒಂದು ಐಸ್ ಟೀ ಕೊಂಡು ನಿಂತಲ್ಲೇ ಪೂರ್ತಿ ಕುಡಿದೆ. ಅದನ್ನೂ ಬರೆದಿದ್ದೇನೆ, ಏನನ್ನೂ ಬಿಡಬಾರದೆಂದು.

"ಒಡಹುಟ್ಟಿದವರಲ್ಲಿ ಇರುವಷ್ಟೂ ಇಲ್ಲ" ಎಂಬ ಸಾಲು ನಾನೇ ಹೆಣೆದದ್ದು. ಸುಳ್ಳು ಗಟ್ಟಿಯಾಗಿರಲಿ, ನೀನು ಮತ್ತೆ ಕೇಳದಿರಲಿ ಎಂದು. ಅದು ಅಮ್ಮನ ಮೈಮೇಲೆ ಹೋಗಿ ಬೀಳುತ್ತದೆ ಎಂದು ಹೊಳೆಯಲೇ ಇಲ್ಲ. ನನಗೆ ಹೇಸಿಗೆಯಾಗುತ್ತಿದೆ. ನನ್ನ ಕುತ್ತಿಗೆ ಮುಚ್ಚಿಕೊಳ್ಳಲು ಅವಳ ಬಟ್ಟೆ ಎಳೆದೆ.

ಆಸ್ಪತ್ರೆಯ ಹಾಳೆ ಇದರ ಜೊತೆ ಇಟ್ಟಿದ್ದೇನೆ. ಏನು ಬೇಕಾದರೂ ಮಾಡು.

ಯುತ್

*

ಬಾನ್ ದೋನ್‌ಖಾ
ಅಕ್ಟೋಬರ್ 6

ಯುತ್,

ಓದಿದೆ.

ಹಾಳೆಯನ್ನು ವಾಪಸು ಕಳಿಸಿದ್ದೇನೆ. ನಿನ್ನ ಪರವಾಗಿ ನಾನು ಮನೆಮನೆಗೆ ಹೋಗಿ ಓದಿ ಹೇಳುವುದಿಲ್ಲ. ಕೊಡುತ್ತೇನೆಂದು ನೀನು ಹೇಳಿದ್ದು ಎಲ್ಲರ ಮುಂದೆ. ಇದನ್ನೂ ಅವರ ಮುಂದೆಯೇ ಹೇಳು. ಭಿಕ್ಷುಗಳಿಗೆ ಕಾವಿ ಬಟ್ಟೆ ಕೊಡುವ ಕಥಿನದ ಪುಣ್ಯಕಾರ್ಯ ಇಪ್ಪತ್ತೆರಡಕ್ಕೆ. ಬ್ಯಾಂಕಾಕಿನಲ್ಲಿರುವ ನಮ್ಮ ಊರಿನವರು ಬಸ್ಸು ಮಾಡಿಕೊಂಡು ಬರುತ್ತಾರೆ. ಅದರಲ್ಲಿ ಬಾ.

ಔಷಧ ತೆಗೆದುಕೊಳ್ಳುತ್ತಿದ್ದೀಯಾ? ಅದನ್ನು ಬರೆದಿಲ್ಲ ನೀನು.

ಬುವಾಫನ್

*

ಬ್ಯಾಂಕಾಕ್
ಅಕ್ಟೋಬರ್ 30

ಅಕ್ಕ,

ಔಷಧ ಶುರುಮಾಡಿದ್ದೇನೆ, ಹದಿನೇಳು ದಿನವಾಯಿತು. ಅಲ್ಲಿಗೆ ಬಂದಾಗ ನಾವಿಬ್ಬರೂ ಮಾತಾಡಲೇ ಇಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಆವತ್ತು ಸಭಾಮಂಟಪದಲ್ಲಿ ಭಿಕ್ಷುಗಳ ಊಟ ಮುಗಿದು ಉಳಿದವರೆಲ್ಲ ಚಾಪೆಗಳ ಮೇಲೆ ತಟ್ಟೆ ಹಾಕಿಕೊಂಡಾಗ ನಾನು ಎದ್ದು ನಿಂತೆ. "ನನಗೆ ಸಕ್ಕರೆ ಕಾಯಿಲೆ. ಅದಕ್ಕೇ ಅಕ್ಕನಿಗೆ ಕಿಡ್ನಿ ಕೊಡಕ್ಕಾಗ್ಲಿಲ್ಲ. ರಕ್ತ ಹೊಂದಲಿಲ್ಲ ಅಂತ ಬರೆದದ್ದು ಸುಳ್ಳು" ಎಂದೆ.

ಮೂಲೆಯಿಂದ ಹಳೆಯ ಪಟೇಲರು, "ಅಷ್ಟೇನಾ? ನನಗಿಲ್ವಾ ಸಕ್ಕರೆ? ಇವಳಿಗಿಲ್ವಾ?" ಎಂದು ಪಕ್ಕದಲ್ಲಿದ್ದ ಹೆಂಡತಿಯನ್ನು ತೋರಿಸಿದರು.

"ಅಜ್ಜಾ, ನಿಮಗೆ ಎಪ್ಪತ್ತಾರು. ಅವನಿಗೆ ಮೂವತ್ತೂ ತುಂಬಿಲ್ಲ" ಎಂದು ಯಾರೋ ಅಂದರು. ಕೆಲವರು ನಕ್ಕರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನಗುವಿಗೆ ನನ್ನ ಕಿವಿಯೆಲ್ಲ ಬಿಸಿಯಾಯಿತು.

ಸಾಯ್‌ಜಾಯ್ ಅತ್ತೆ ಮಾತ್ರ ನಗಲಿಲ್ಲ. "ಹಾಗಾದ್ರೆ ರಕ್ತ?" ಎಂದಳು.

"ಪೂರ್ತಿ ಹೊಂದಿತು, ಅತ್ತೆ. ನಾಲ್ವರಲ್ಲಿ ಒಬ್ಬರಿಗೆ ಹೊಂದೋ ಹಾಗೆ ಹೊಂದಿತು. ಒಂದೇ ಅಪ್ಪ, ಒಂದೇ ಅಮ್ಮ." ಹಾಳೆ ಕೊಟ್ಟೆ. ಅವಳಿಗೆ ಓದಲು ಬರಲಿಲ್ಲವೋ, ಕನ್ನಡಕವಿರಲಿಲ್ಲವೋ, ಮೇಷ್ಟರಿಗೆ ಕೊಟ್ಟಳು. ಅವರು ಗಟ್ಟಿಯಾಗಿ ಓದಿದರು. ಕೆಂಪು ಗೆರೆಯ ಚೀಟಿಯ ವಿಷಯವನ್ನೂ ಕುತ್ತಿಗೆಯ ಕಪ್ಪನ್ನೂ ನಾನು ಹೇಳಿದೆ. ಅದಕ್ಕೆ ಯಾರೂ ನಗಲಿಲ್ಲ. ಸಾಯ್‌ಜಾಯ್ ಅತ್ತೆ ಎದ್ದು ಹೋಗಿ ಒಂದು ಬಟ್ಟಲು ಮೀನಿನ ಸಾರು ತಂದು ಅಮ್ಮನ ಮುಂದಿಟ್ಟಳು. ಅಮ್ಮ ಅದನ್ನು ಮುಟ್ಟಲಿಲ್ಲ. ತಳ್ಳಲೂ ಇಲ್ಲ.

ವಾಪಸು ಬರುವ ಬಸ್ಸಿನಲ್ಲಿ ಎಲ್ಲ ನಮ್ಮ ಊರಿನ, ನನ್ನ ವಯಸ್ಸಿನವರೇ. ಯಂತ್ರದ ಬಿಡಿಭಾಗ ಜೋಡಿಸುವವರು, ಅಂಗಡಿಯಲ್ಲಿ ನಿಲ್ಲುವವರು, ನನ್ನ ಹಾಗೆ ಫೋನು ಎತ್ತುವವರು. ನಾನು ಕಿಟಕಿಗೆ ಮುಖ ಮಾಡಿ ಕೂತಿದ್ದೆ. ಪಕ್ಕದ ಸೀಟಿಗೆ ಒಬ್ಬಳು ಬಂದು ಕೂತಳು. ಹೆಸರು ಬರೆಯುವುದಿಲ್ಲ, ನಿನಗೆ ಅವಳ ಮನೆಯವರು ಗೊತ್ತು. ಇಪ್ಪತ್ತನಾಲ್ಕು ಇರಬಹುದು.

"ಅಣ್ಣಾ, ಆ ಚೀಟಿಯಲ್ಲಿ ಎಷ್ಟು ಅಂತ ಬರೆದಿತ್ತು?"

"ನೂರ ನಲವತ್ತೆಂಟು. ಯಾಕೆ?"

ಅವಳು ಜಡೆಯನ್ನು ಪಕ್ಕಕ್ಕೆ ಸರಿಸಿ ಕುತ್ತಿಗೆ ತೋರಿಸಿದಳು. "ಇದು ಕೊಳೆ ಅಲ್ವಾ ಹಾಗಾದ್ರೆ?"

"ಅಲ್ಲ."

"ಮದುವೆ ಮಾತುಕತೆ ನಡೀತಿದೆ ನಂಗೆ" ಎಂದಳು. "ಅಮ್ಮಂಗೆ ಹೇಳ್ಬೇಡಿ."

ಹೇಳುವುದಿಲ್ಲ ಎಂದೆ. ಆದರೆ ನಾನು ಹೋಗುವ ಆಸ್ಪತ್ರೆಗೇ ಮುಂದಿನ ಶನಿವಾರ ಬರುತ್ತೇನೆಂದು ಅವಳಿಂದ ಮಾತು ತೆಗೆದುಕೊಂಡೆ. ಶನಿವಾರ ಬಾಗಿಲಲ್ಲಿ ಒಂದು ಗಂಟೆ ಕಾದೆ. ಅವಳು ಬರಲಿಲ್ಲ. ಅವಳ ಮೇಲೆ ಸಿಟ್ಟು ಮಾಡಲು ನನಗೆ ಯಾವ ಮುಖವಿದೆ? ಈ ಶನಿವಾರವೂ ಹೋಗಿ ನಿಲ್ಲುತ್ತೇನೆ.

ಅಮ್ಮನ ಕಾಲಿಗೆ ಬಿದ್ದಾಗ ಅವಳು "ಏಳು, ಬಸ್ಸು ಹೊರಡತ್ತೆ" ಎಂದಳು, ಅಷ್ಟೇ. ಅವಳ ಕೋಪ ಇಳಿದಿಲ್ಲ ಅಲ್ಲವೇ? ಇಳಿಯಬೇಕೆಂದು ಕೇಳುವ ಹಕ್ಕು ನನಗಿಲ್ಲ. ಆದರೂ ನೀನು ಬರೆ.

ಯುತ್

*

ಬಾನ್ ದೋನ್‌ಖಾ
ನವೆಂಬರ್ 14

ತಮ್ಮ,

ನೀನು ಶನಿವಾರ ಹೋಗಿ ನಿಲ್ಲುವುದು ಒಳ್ಳೆಯದು. ನಿಲ್ಲು.

ನೀನು ಸಕ್ಕರೆ ಬರಿಸಿಕೊಂಡೆ ಎಂಬುದಕ್ಕೆ ನನಗೆ ಸಿಟ್ಟಿಲ್ಲ. ನನ್ನ ಕಿಡ್ನಿ ಹಾಳಾದದ್ದೂ ಅದೇ ಬ್ಯಾಂಕಾಕಿನಲ್ಲಿ. ಹೊಲಿಗೆ ಯಂತ್ರದ ಮುಂದೆ ಹನ್ನೆರಡು ಗಂಟೆ ಕೂತು, ಸೊಂಟನೋವಿಗೆ ಅಂಗಡಿಯ ಮಾತ್ರೆಗಳನ್ನು ಹಿಡಿಹಿಡಿಯಾಗಿ ನುಂಗಿ, ರಕ್ತದೊತ್ತಡ ಇದೆ ಎಂದು ಹೇಳಿದವರಿಗೆ ಹೂಂ ಎಂದು ಬಂದವಳು ನಾನು. ಆದರೆ ಗೊತ್ತಿದ್ದೂ ಎಲ್ಲರ ಮುಂದೆ ಎದ್ದು ನಿಂತು ಕೊಡುತ್ತೇನೆ ಎಂದೆಯಲ್ಲ, ಅದನ್ನು ನಾನಿನ್ನೂ ನುಂಗಿಲ್ಲ. ಆ ನಾಲ್ಕು ತಿಂಗಳು ನಾನು ಬೇರೆಯೇ ಮನುಷ್ಯಳಾಗಿದ್ದೆ. ಚೀಲವಿಲ್ಲದ ದಿನ ಏನೇನು ತಿನ್ನಬೇಕು, ಎಲ್ಲೆಲ್ಲಿ ಹೋಗಬೇಕು ಎಂದು ಪಟ್ಟಿ ಮಾಡಿದ್ದೆ. ಇದನ್ನು ನಿನ್ನನ್ನು ಚುಚ್ಚಲೆಂದೇ ಬರೆಯುತ್ತಿದ್ದೇನೆ.

ಈಗ ಅಮ್ಮನ ವಿಷಯ. ಅವಳ ಕೋಪ ನಿನ್ನ ಮೇಲಲ್ಲ.

ಸಭಾಮಂಟಪದಲ್ಲಿ ನೀನು ಒಂದೇ ಅಪ್ಪ, ಒಂದೇ ಅಮ್ಮ ಎಂದಾಗ ಎಲ್ಲರೂ ನಿನ್ನನ್ನು ನೋಡುತ್ತಿದ್ದರು. ಅಮ್ಮ ನನ್ನನ್ನು ನೋಡಿದಳು. ಯಾಕೆಂದರೆ ಸಾಯ್‌ಜಾಯ್ ಅತ್ತೆಗಿಂತ ಮೊದಲು ಕೇಳಿದವಳು ನಾನು.

ನಿನ್ನ ಸುಳ್ಳು ಕಾಗದ ಬಂದ ಮೂರನೆಯ ದಿನ ಅಮ್ಮ ನೀಲಿ ಕೋಣೆಯಲ್ಲಿ ಚೀಲ ನೇತುಹಾಕುತ್ತಿದ್ದಳು. ನಾನು ಬೇರೇನೋ ಮಾತಿನ ನಡುವೆ ಕೇಳಿದ ಹಾಗೆ ಕೇಳಿದೆ. "ಅಮ್ಮಾ, ಯುತ್ ಹುಟ್ಟೋಕೆ ಮುಂಚೆ ಅಪ್ಪ ಊರಿಗೆ ಬಂದಿದ್ದು ನಾಟಿ ಟೈಮಲ್ಲೋ, ಕೊಯ್ಲಿಗೋ?"

ಅಪ್ಪ ಬಂದಾಗ ನನಗೆ ಹತ್ತು ವರ್ಷ. ಅವರು ತಂದ ಕಂಬಳಿಯ ಬಣ್ಣ ನೆನಪಿದೆ, ಅವರ ಮೈಯ ವಾಸನೆ ನೆನಪಿದೆ. ಗದ್ದೆಯಲ್ಲಿ ಕೊಯ್ದ ಭತ್ತವಿತ್ತೆಂಬುದೂ ನೆನಪಿತ್ತು. ನೆನಪಿದ್ದೂ ಕೇಳಿದೆ. ಕಿಡ್ನಿ ಸಿಗಲಿಲ್ಲ ಎನ್ನುವ ಸಂಕಟದಲ್ಲಿ ಯಾರ ಮೇಲಾದರೂ ಹಾಕಬೇಕಿತ್ತು, ಕೈಗೆ ಸಿಕ್ಕವಳು ಅವಳು.

ಅಮ್ಮ ಚೀಲ ಸಿಕ್ಕಿಸಿ ಮುಗಿಸಿದಳು. ಗಂಟು ಸರಿಯಾಗಿದೆಯೇ ಎಂದು ಎಳೆದು ನೋಡಿದಳು. "ಕೊಯ್ಲಿಗೆ" ಎಂದಳು. ಬಾಗಿಲು ಎಳೆದುಕೊಂಡು ಹೋದಳು. ಮತ್ತೆ ಆ ಕೋಣೆಗೆ ಬಂದಿಲ್ಲ. ಅಡುಗೆ ಮಾಡಿ ಬಡಿಸುತ್ತಾಳೆ, ನನ್ನ ಬಟ್ಟೆ ಒಗೆಯುತ್ತಾಳೆ, ಉಪ್ಪು ಕಡಿಮೆ ಹಾಕುತ್ತಾಳೆ. ಮಾತು ಮಾತ್ರ ಲೆಕ್ಕವಿಟ್ಟ ಹಾಗೆ.

ಸೆಪ್ಟೆಂಬರಿನಲ್ಲಿ ನಿನಗೆ ಬರೆಯುವಾಗ ಊರಿನ ಹೆಂಗಸರು ಬೆರಳು ಮಡಿಸಿ ಎಣಿಸುತ್ತಿದ್ದಾರೆ ಎಂದೆ. ಮೊದಲು ಮಡಿಸಿದ ಬೆರಳು ನನ್ನದು ಎಂದು ಬರೆಯಲಿಲ್ಲ. ನಿನ್ನನ್ನು ಎಲ್ಲರ ಮುಂದೆ ನಿಲ್ಲಿಸಿ ನಾನು ತೆಪ್ಪಗೆ ಅನ್ನ ತಿಂದೆ.

ಅವಳ ಮುಖ ನೋಡಿ ಹೇಳಲು ಈ ಮೂರು ವಾರ ಪ್ರಯತ್ನಿಸಿದೆ. ಬಾಯಿ ತೆರೆದಾಗಲೆಲ್ಲ "ಅಮ್ಮಾ, ಉಪ್ಪಿನಕಾಯಿ ಎಲ್ಲಿದೆ" ಎಂದು ಮುಗಿಯುತ್ತದೆ. ಹಾಗಾಗಿ ಈ ಲಕೋಟೆಯನ್ನು ಅಂಟಿಸುವುದಿಲ್ಲ. ಅಂಚೆಗೆ ಹಾಕೆಂದು ಅಮ್ಮನ ಕೈಗೇ ಕೊಡುತ್ತೇನೆ. ಓದುತ್ತಾಳೋ ಇಲ್ಲವೋ ಅವಳಿಗೆ ಬಿಟ್ಟದ್ದು.

ಔಷಧ ತಪ್ಪಿಸಬೇಡ.

ನಿನ್ನ ಅಕ್ಕ
ಬುವಾಫನ್

(ಅದೇ ಹಾಳೆಯ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ)

ಯುತ್,

ಅಂಚೆಮನೆಯ ಬೆಂಚಿನ ಮೇಲೆ ಕೂತು ಓದಿದೆ. ನಿಧಾನಕ್ಕೆ ಓದಿದೆ, ಎರಡು ಸಲ. ಪೆನ್ಸಿಲು ಇಲ್ಲಿಯವರದು.

ಅಕ್ಕನಿಗೆ ಉತ್ತರ ಬರೆಯುವಾಗ ನಾನು ಓದಿದೆ ಎಂದು ಬರೆಯಬೇಡ. ಕಾಗದದಲ್ಲಿ ಒಪ್ಪಿಕೊಂಡದ್ದು ಸಾಲದು. ಅವಳು ಬಾಯಿ ಬಿಟ್ಟು ಕ್ಷಮೆ ಕೇಳಲಿ. ನಾನು ಈವತ್ತು ಸಂಜೆಯ ಚೀಲಕ್ಕೆ ಕೈ ತೊಳೆದುಕೊಂಡು ಒಳಗೆ ಹೋಗುತ್ತೇನೆ. ಅಲ್ಲಿ ಅರ್ಧ ಗಂಟೆ ಅವಳು ಎಲ್ಲೂ ಎದ್ದು ಹೋಗುವ ಹಾಗಿಲ್ಲ.

ಅಮ್ಮ